ಅತ್ತೆಮ್ಮ ಧ್ಯಾನಕ್ಕೆ ಹೋಗಿ ಬಂದ ವರ್ಷ

ಗುಂಡ್ಲುಪೇಟೆಯಲ್ಲಿ ಕೇರಳದ ರಸ್ತೆ ಕವಲೊಡೆಯುವ ಕಡೆ ಒಬ್ಬ ಮಲಯಾಳಿ ಹೊಸದಾಗಿ ಟೀ ಅಂಗಡಿ ಇಟ್ಟಿದ್ದಾನೆ. ಹೋದ ತಿಂಗಳು ಚಾಮರಾಜನಗರದ ಬಸ್ಸಿಗೆ ಕಾಯುತ್ತಾ ಅದರ ಮುಂದೆ ನಿಂತಿದ್ದೆ. ಒಳಗಿಂದ ಒಣಶುಂಠಿ, ಮೆಣಸು, ಬೆಲ್ಲ ಒಟ್ಟಿಗೆ ಕುದಿಯುವ ಘಾಟು ಬಂತು. ಚುಕ್ಕು ಕಾಪಿ. ‘ಒಂದು ಕೊಡ್ಲಾ ಚೇಚಿ?’ ಎಂದು ಅವನು ಕೇಳಿದ. ಬೇಡ ಅಂದೆ. ಆದರೆ ಕಾಲು ಅಲ್ಲಿಂದ ಕದಲಲಿಲ್ಲ, ಕಣ್ಣೆದುರೇ ಒಂದು ಬಸ್ಸು ಹೊರಟುಹೋಯಿತು. ಆ ವಾಸನೆ ಮೂಗಿಗೆ ಬಿದ್ದರೆ ನನಗೆ ಇವತ್ತಿಗೂ ಮೊದಲು ಹುಟ್ಟುವುದು ಅನುಮಾನ. ಭಕ್ತಿ ಏನಿದ್ದರೂ ಆಮೇಲೆ, ಬಂದರೆ.

ನಾನು ಬೆಳೆದದ್ದೇ ಅನುಮಾನದ ಮನೆಯಲ್ಲಿ. ನಮ್ಮಪ್ಪ ಚಾಮರಾಜನಗರದಲ್ಲಿ ರೇಷ್ಮೆಗೂಡಿನ ವ್ಯಾಪಾರ ಮಾಡುತ್ತಿದ್ದವರು. ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಹುಳು ಹೇಗಿದೆ ಎಂದು ಕೇಳಿಸಿಕೊಳ್ಳದೆ ಬೆಲೆ ಮಾತಾಡಿದವರಲ್ಲ. ಮನುಷ್ಯರನ್ನೂ ಹಾಗೇ ನೋಡುತ್ತಿದ್ದರು. ನನಗೂ ಅದೇ ಬುದ್ಧಿ ಬಂತು. ಮದುವೆಯಾಗಿ ಗುಂಡ್ಲುಪೇಟೆಗೆ ಬಂದ ಮೇಲೆ ಆ ಬುದ್ಧಿಗೆ ಮೇವು ಹಾಕಿ ಬೆಳೆಸಿದವರು ನಮ್ಮತ್ತೆ ಆರೋಗ್ಯಮ್ಮ.

ಅತ್ತೆಮ್ಮನ ತಮ್ಮ ಸಾಯುವಾಗ, ಅವನ ಒಬ್ಬಳೇ ಮಗಳು ಲೂರ್ದುವನ್ನು ತನ್ನ ಮಗನಿಗೆ ತಂದುಕೊಳ್ಳುತ್ತೇನೆ ಎಂದು ಇವರು ಮಾತು ಕೊಟ್ಟಿದ್ದರಂತೆ. ಮಗ, ಅಂದರೆ ನಮ್ಮ ಮನೆಯವರು ಸವೇರಿ, ನಮ್ಮೂರಿನ ಚರ್ಚಿನ ಹಬ್ಬಕ್ಕೆ ಬಂದು ನನ್ನನ್ನು ನೋಡಿ, ಮದುವೆಯಾದರೆ ಇವಳನ್ನೇ ಎಂದು ಹಟ ಹಿಡಿದರು. ಲೂರ್ದುವನ್ನು ಅವಸರದಲ್ಲಿ ಹಂಗಳದ ಒಬ್ಬನಿಗೆ ಕೊಟ್ಟರು. ಮಾತು ತಪ್ಪಿಸಿದವನು ಮಗ, ಅದರ ಸಿಟ್ಟು ಬಿದ್ದದ್ದು ನನ್ನ ಮೇಲೆ. ನಾನು ಮಾಡಿದ ಸಾರು ನೀರು, ಹೊಲಿದ ರವಿಕೆ ಚೀಲ, ತುಳಿದ ನೆಲವೆಲ್ಲ ಕೆಸರು. ನಮ್ಮ ಮನೆಗಳಲ್ಲಿ ಸಂಜೆ ಜಪಸರ ಮುಗಿದ ಮೇಲೆ ಚಿಕ್ಕವರು ದೊಡ್ಡವರಿಗೆ ‘ಸ್ತೋತ್ರ’ ಅನ್ನಬೇಕು, ದೊಡ್ಡವರು ಚಿಕ್ಕವರ ಹಣೆಯ ಮೇಲೆ ಹೆಬ್ಬೆರಳಿನಿಂದ ಶಿಲುಬೆ ಗುರುತು ಹಾಕಬೇಕು. ಅತ್ತೆಮ್ಮ ಮಗನಿಗೆ ಹಾಕುತ್ತಿದ್ದರು, ಮೊಮ್ಮಗಳು ರೋಸಿಗೆ ಹಾಕುತ್ತಿದ್ದರು, ನಾನು ಬಗ್ಗಿದರೆ ‘ಹ್ಞೂ’ ಎಂದು ಎದ್ದುಹೋಗುತ್ತಿದ್ದರು. ಆರು ವರ್ಷ ಹೀಗೇ ನಡೆಯಿತು. ನನಗೆ ಅದು ಪ್ರತಿ ಸಂಜೆ ನೋಯುತ್ತಿತ್ತು, ಆದರೂ ಬಗ್ಗುವುದನ್ನು ನಾನು ಬಿಡಲಿಲ್ಲ. ಹಟ ಅಂದರೆ ಹಟ.

ಮನೆಮನೆಗೆ ಚಿಕೂನ್‌ಗುನ್ಯ ಬಂದು ಎಲ್ಲರ ಕೀಲು ಹಿಡಿದುಹೋದ ಮಾರನೆಯ ವರ್ಷ, ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸು ಕಾಲ ಶುರುವಾದಾಗ, ನಮ್ಮ ಚರ್ಚಿನಿಂದ ಕೇರಳದ ಒಂದು ಧ್ಯಾನಕೇಂದ್ರಕ್ಕೆ ಬಸ್ಸು ಹೊರಟಿತು. ಐದು ದಿನ ಅಲ್ಲೇ ಇದ್ದು ಬೈಬಲ್ ಕೇಳುವುದು, ಆರಾಧನೆ, ಪಾಪನಿವೇದನೆ, ಉಳಿದ ಹೊತ್ತು ಮೌನ. ಅತ್ತೆಮ್ಮನಿಗೆ ಮಂಡಿ ನೋವು ಬಿಟ್ಟಿರಲಿಲ್ಲ. ಮಂಡಿ ಹೋದರೆ ಹೋಗಲಿ ಎಂದು ಹೆಸರು ಕೊಟ್ಟರು. ಐದು ದಿನ ಅವರು ಬಾಯಿ ಮುಚ್ಚಿ ಇರುವುದನ್ನು ನೆನೆಸಿಕೊಂಡು ನನಗೆ ಒಳಗೊಳಗೇ ನಗು. ಬಸ್ಸು ಹತ್ತಿಸಿ ಬಂದು, ರೋಸಿಯನ್ನು ಶಾಲೆಗೆ ಕಳಿಸಿ, ಹೊಲಿಗೆ ಮಿಷನ್ ಮುಂದೆ ಕಾಲು ಚಾಚಿ ಕೂತೆ. ಆ ಐದು ದಿನ ನನಗೂ ಒಂದು ಧ್ಯಾನವೇ ಆಯಿತು.

ಬಸ್ಸು ವಾಪಸು ಬಂದ ಸಂಜೆ ಅತ್ತೆಮ್ಮ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಪಕ್ಕದಲ್ಲಿ ಅಡ್ಡಾದಿಡ್ಡಿ ಬಿದ್ದಿದ್ದ ನನ್ನ ಚಪ್ಪಲಿಯನ್ನೂ ಬಗ್ಗಿ ಸರಿಯಾಗಿ ಜೋಡಿಸಿಟ್ಟರು. ಜಪಸರ ಮುಗಿದು ನಾನು ಎಂದಿನಂತೆ ‘ಸ್ತೋತ್ರ ಅತ್ತೆಮ್ಮ’ ಎಂದು ಬಗ್ಗಿದಾಗ ಅವರು ಏಳಲಿಲ್ಲ. ಹಣೆಯ ಮೇಲೆ ಹೆಬ್ಬೆರಳು ಬಂದು ಕೂತಿತು. ಬೆರಳಿನಿಂದ ಬೆಳ್ಳುಳ್ಳಿ ವಾಸನೆ ಬರುತ್ತಿತ್ತು. ಆರು ವರ್ಷ ಕಾದದ್ದು ಕೈಗೆ ಬಂದರೆ ಅಳು ಬರಬೇಕಿತ್ತು. ನನಗೆ ಬಂದದ್ದು ಒಂದೇ ಪ್ರಶ್ನೆ: ಈಯಮ್ಮನಿಗೆ ಈಗ ನನ್ನಿಂದ ಏನು ಬೇಕಾಗಿದೆ?

ಮಾರನೆಯ ಬೆಳಿಗ್ಗೆ ಏಳುವಷ್ಟರಲ್ಲಿ ಒಲೆ ಹತ್ತಿತ್ತು. ಅತ್ತೆಮ್ಮ ಒಂದು ಲೋಟ ಹಿಡಿದು ನಿಂತಿದ್ದರು. ಕಪ್ಪಗಿನ ಏನೋ ಅದರಲ್ಲಿ ಹೊಗೆಯಾಡುತ್ತಿತ್ತು.

‘ಕುಡಿಯಮ್ಮಿ. ಚುಕ್ಕು ಕಾಪಿ. ಅಲ್ಲಿ ದಿನಾ ಕೊಡೋರು.’

‘ನೀವು ಮೊದ್ಲು ಕುಡೀರಿ ಅತ್ತೆಮ್ಮ.’

ಅವರು ನನ್ನ ಮುಖ ನೋಡಿದರು. ಲೋಟ ಎತ್ತಿ, ತುಟಿಗೆ ತಾಗಿಸದೆ, ಒಂದು ಗುಟುಕು ಬಾಯಿಗೆ ಹುಯ್ದುಕೊಂಡರು. ‘ನೋಡು, ಬದುಕಿವ್ನಿ. ಈಗ ಕುಡಿ’ ಎಂದು ಕೈಗೆ ಕೊಟ್ಟು ಒಳಗೆ ಹೋದರು. ನಾನು ಅರ್ಧ ಕುಡಿದು ಉಳಿದದ್ದನ್ನು ಬಚ್ಚಲಿಗೆ ಚೆಲ್ಲಿದೆ.

ಎದುರುಮನೆ ಕಮಲಕ್ಕ ಬೆಳಗೆದ್ದು ಮಾದೇಶ್ವರನಿಗೆ ಕೈಮುಗಿಯದೆ ನೀರು ಮುಟ್ಟದವರು, ಆದರೆ ನಮ್ಮ ಚರ್ಚಿನ ಸುದ್ದಿ ನಮಗಿಂತ ಚೆನ್ನಾಗಿ ಗೊತ್ತು. ವಾರವಾಗುವಷ್ಟರಲ್ಲಿ ಅವರು ಬಟ್ಟೆ ಒಣಹಾಕುವ ನೆಪದಲ್ಲಿ ಹತ್ತಿರ ಬಂದರು.

‘ಏನಮ್ಮಿ, ಕೇರಳಕ್ಕೋಗಿ ಬಂದ್ಮೇಲೆ ನಿಮ್ಮತ್ತೆ ದನಿನೇ ಕೇಳ್ತಾ ಇಲ್ವಲ್ಲ. ಅಲ್ಲೇನಾರ ಮಾಡ್ಸುದ್ರಾ?’

‘ಅಲ್ಲಿ ಬೈಬಲ್ ಓದುಸ್ತಾರೆ ಕಮಲಕ್ಕ, ಅಷ್ಟೇಯ.’

‘ಯಾರಿಗ್ಗೊತ್ತು. ಕೇರಳ ಕಣಮ್ಮಿ ಅದು. ಚೀಲದಲ್ಲಿ ನಿಂಬೆಣ್ಣು ಗಿಂಬೆಣ್ಣು ತಂದವ್ರಾ ನೋಡ್ಬುಡು.’

ನಾನು ನಕ್ಕೆ. ನಕ್ಕು ಒಳಗೆ ಹೋಗಿ ಅತ್ತೆಮ್ಮನ ಚೀಲ ತೆಗೆದು ನೋಡಿದೆ. ಒಂದು ಹೊಸ ಜಪಸರ, ಶುಂಠಿ ಪುಡಿಯ ಪೊಟ್ಟಣ, ಮಂಡಿಗೆ ಹಚ್ಚುವ ಎಣ್ಣೆ. ಅನುಮಾನಕ್ಕೆ ಅಷ್ಟರಿಂದ ಹೊಟ್ಟೆ ತುಂಬಲಿಲ್ಲ.

ಧ್ಯಾನದಿಂದ ಬಂದವರ ಬಿಸಿ ನನಗೆ ಗೊತ್ತಿಲ್ಲದ್ದೇನಲ್ಲ. ಅದೇ ಬಸ್ಸಿನಲ್ಲಿ ಹೋಗಿದ್ದ ರೀತಮ್ಮ ಬರುವಾಗ ದಾರಿಯುದ್ದಕ್ಕೂ ಕೈಯೆತ್ತಿ ಅಲ್ಲೆಲೂಯ ಹಾಡಿಕೊಂಡು ಬಂದವಳು, ಮೂರನೇ ದಿನ ಬೀದಿ ನಲ್ಲಿಯ ಹತ್ತಿರ ಬಿಂದಿಗೆ ಸರದಿಗೆ ಕಮಲಕ್ಕನ ಜುಟ್ಟು ಹಿಡಿಯುವುದಕ್ಕೆ ಹೋಗಿದ್ದಳು. ಧ್ಯಾನಕ್ಕೆ ಕೂತಾಗ ಎಲ್ಲರೂ ಸಂತರೇ, ನಲ್ಲಿ ಹತ್ತಿರ ಬಂದಾಗ ಗೊತ್ತಾಗೋದು ಎಂದು ನಮ್ಮ ಫಾದರ್ ಕೂಡ ಪ್ರಸಂಗದಲ್ಲಿ ಎಲ್ಲರನ್ನೂ ನಗಿಸಿದರು. ಅತ್ತೆಮ್ಮನದು ಹೆಚ್ಚೆಂದರೆ ಗರಿಗಳ ಭಾನುವಾರದವರೆಗೆ ಎಂದು ನಾನು ಮನೆಯವರಿಗೆ ಹೇಳಿದೆ. ಅವರು ಟೆಂಪೊದಲ್ಲಿ ಮಾರ್ಕೆಟ್ಟಿನ ತರಕಾರಿ ತುಂಬಿಕೊಂಡು ದಿನಾ ಸುಲ್ತಾನ್ ಬತ್ತೇರಿಗೆ ಹೋಗಿ ಬರುವವರು. ಮನೆಯ ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ತಲೆ ಕೆಡಿಸಿಕೊಂಡವರಲ್ಲ.

‘ಬುಡು ಕಣೆ. ಚೆನ್ನಾಗವ್ರೆ ಅಂದ್ರೆ ಇರ್ಲಿ. ಅದುಕ್ಕೂ ಗುಮಾನಿಯಾ?’ ಅಂದರು.

ನಾನು ಬಿಡಲಿಲ್ಲ. ಒಂದು ದಿನ ಬೇಕೆಂದೇ ಹುರುಳಿಕಾಳು ಸಾರಿಗೆ ಇನ್ನೊಂದು ಹಿಡಿ ಉಪ್ಪು ಹಾಕಿದೆ. ಅತ್ತೆಮ್ಮ ಮುದ್ದೆ ಮುರಿದು ಅದ್ದಿ ಬಾಯಿಗಿಟ್ಟರು. ಹುಬ್ಬು ಮೇಲೆ ಹೋಯಿತು, ಕತ್ತಿನ ನರ ಉಬ್ಬಿತು. ಹಳೆಯ ಅತ್ತೆಮ್ಮ ಗಂಟಲವರೆಗೆ ಬಂದದ್ದು ನನಗೆ ಕಣ್ಣಾರೆ ಕಂಡಿತು. ತಟ್ಟೆ ಕೆಳಗಿಟ್ಟು ಎದ್ದು ಹಿತ್ತಲಿಗೆ ಹೋದರು. ಅಲ್ಲಿ ಸೌದೆ ಸೀಳುವ ಸದ್ದು ಕೇಳಿಸಿತು, ಬೇಕಾದದ್ದಕ್ಕಿಂತ ಜೋರಾಗಿಯೇ. ಸ್ವಲ್ಪ ಹೊತ್ತಿನ ಮೇಲೆ ಬಂದು ಕೂತು, ‘ಉಪ್ಪು ಒಸಿ ಮುಂದಾಗ್ಯದೆ ಕಣಮ್ಮಿ’ ಎಂದು ಉಳಿದದ್ದನ್ನು ಉಂಡರು. ನಾನು ಅದನ್ನೂ ಲೆಕ್ಕಕ್ಕೆ ಹಿಡಿದೆ. ಇಷ್ಟು ನುಂಗಿಕೊಳ್ಳುತ್ತಾರೆ ಅಂದರೆ ಕೇಳಬೇಕಾಗಿರುವುದು ದೊಡ್ಡದೇ ಇರಬೇಕು.

ಗರಿಗಳ ಭಾನುವಾರ ಹೋಯಿತು, ವಾರಕ್ಕೆ ಈಸ್ಟರಿನ ಪಾಸ್ಕ ಹಬ್ಬವೂ ಆಯಿತು. ಹಬ್ಬದ ಮಾರನೆಯ ದಿನ ಹಿತ್ತಲಲ್ಲಿ ಇಬ್ಬರೂ ಪಾತ್ರೆ ತೊಳೆಯುತ್ತಿದ್ದೆವು. ನಾನು ಉಜ್ಜುತ್ತಿದ್ದೆ, ಅವರು ನೀರು ಹುಯ್ಯುತ್ತಿದ್ದರು.

‘ಒಂದ್ ಮಾತು ಕೇಳ್ಲಾ ಅಮ್ಮಿ?’

ಬಂತು ಅಂದುಕೊಂಡೆ. ‘ಕೇಳಿ.’

‘ನಮ್ ಲೂರ್ದು ಗಂಡ ಶುಂಠಿ ಕೆಲ್ಸ ಅಂತ ಕೊಡಗಿಗೋದೋನು ಅಲ್ಲೇ ಇನ್ನೊಬ್ಬಳ ಜೊತೆ ಸಂಸಾರ ಮಾಡ್ಕಂಡವ್ನೆ. ಹಂಗಳದಲ್ಲಿ ಅವಳ್ನ ಆಳಿಗಿಂತ ಕಡೆಯಾಗಿ ನೋಡ್ಕತಾವ್ರೆ. ಊಟನೂ ಕೊನೇಗೆ ಉಳುದ್ರೆ. ನಮ್ ತಮ್ಮನಿಗೆ ಅವತ್ತು ಮಾತ್ ಕೊಟ್ಟಿದ್ದೆ. ಕರ್ಕಬರನಾ ಅಂತ.’

‘ಎಲ್ಲಿಗೆ?’

‘ಇಲ್ಲಿಗೆ.’

ಅಂತೂ ಗೂಡಿನೊಳಗಿನ ಹುಳು ಅಲುಗಾಡಿತು. ಒಂದೂವರೆ ತಿಂಗಳ ಚುಕ್ಕು ಕಾಪಿ, ಹಣೆಯ ಮೇಲಿನ ಶಿಲುಬೆ, ಉಪ್ಪಿನ ಸಾರು, ಎಲ್ಲದಕ್ಕೂ ಅರ್ಥ ಸಿಕ್ಕಿತು. ಈ ಮನೆಗೆ ಸೊಸೆಯಾಗಿ ಬರಬೇಕಾಗಿದ್ದವಳು ಲೂರ್ದು. ಅವಳ ಜಾಗದಲ್ಲಿ ಕೂತವಳು ಎಂದು ನಾನು ಆರು ವರ್ಷ ಅನ್ನಿಸಿಕೊಂಡಿದ್ದೆ. ಈಗ ತಾನೇ ಮನೆ ನನ್ನದು ಅನ್ನಿಸತೊಡಗಿತ್ತು. ಒಂದು ನಡುಮನೆ, ಒಂದು ಕೋಣೆ, ಒಂದು ಒಲೆ. ಅವಳು ಬಂದರೆ ಅತ್ತೆಮ್ಮನ ರಕ್ತ ಅವಳು. ಬೆಳಗಿನ ಲೋಟ ಯಾರ ಕೈಗೆ ಹೋಗುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಭಯವಾಯಿತು. ಭಯಕ್ಕೆ ನಾನು ಕೊಡುವ ಹೆಸರು ಯಾವಾಗಲೂ ಸಿಟ್ಟು.

‘ಆಗಕ್ಕಿಲ್ಲ ಅತ್ತೆಮ್ಮ. ಅವಳು ಬಂದ್ರೆ ನಾನು ನಮ್ಮಪ್ಪನ ಮನೆಗೆ ಓಗ್ತೀನಿ.’

ಅವರು ಚೊಂಬನ್ನು ಮತ್ತೆ ನೀರಿಗೆ ಅದ್ದಿದರು. ಆಮೇಲೆ ‘ಸರಿ ಕಣಮ್ಮಿ’ ಎಂದು ನನ್ನ ಕೈ ಮೇಲೆ ನೀರು ಹುಯ್ದರು. ಅವತ್ತು ಆ ಮಾತು ಆಡಿದ್ದು ತಪ್ಪು ಎಂದು ನನಗೆ ಈಗಲೂ ಅನ್ನಿಸುವುದಿಲ್ಲ. ಯಾರ ಮನೆಯ ಸೊಸೆಯನ್ನು ಕೇಳಿದರೂ ಅದೇ ಹೇಳುತ್ತಿದ್ದಳು.

ಮಾರನೆಯ ಬೆಳಿಗ್ಗೆ ಎಚ್ಚರವಾದರೂ ಏಳದೆ ಕಿವಿಗೊಟ್ಟು ಮಲಗಿದ್ದೆ. ಕೆಲಸ ಕೆಟ್ಟಿತು, ಇನ್ನು ಒಲೆ ಹತ್ತುವುದಿಲ್ಲ, ಹಳೆಯ ರಾಗ ಶುರುವಾಗುತ್ತದೆ ಎಂದು ಕಾಯುತ್ತಿದ್ದೆ. ಸೌದೆ ಚಟಪಟ ಅಂದಿತು. ಶುಂಠಿ ಘಾಟು ಬಂತು. ಲೋಟವೂ ಬಂತು. ಇವತ್ತಲ್ಲ ನಾಳೆ ಅಂದುಕೊಂಡೆ. ನಾಳೆಯೂ ಬಂತು. ಮೇ ತಿಂಗಳ ಮಳೆ ಬಿದ್ದು ಸುತ್ತಲಿನ ಹೊಲಗಳಲ್ಲಿ ಸಣ್ಣ ಈರುಳ್ಳಿ ನಾಟಿಯಾಯಿತು, ಚೆಂಡುಹೂವಿನ ಪೈರು ಎದ್ದಿತು, ರೋಸಿ ಮುಂದಿನ ಕ್ಲಾಸಿಗೆ ಹೋದಳು. ಅತ್ತೆಮ್ಮ ಒಮ್ಮೆಯೂ ಲೂರ್ದುವಿನ ಹೆಸರೆತ್ತಲಿಲ್ಲ, ಸಂಜೆ ನನ್ನ ಹಣೆ ತಪ್ಪಿಸಲಿಲ್ಲ. ಬೈದಿದ್ದರೆ ನಾನು ಗೆದ್ದಂತೆ ಆಗುತ್ತಿತ್ತು. ಬೈಯದೆ ಇದ್ದದ್ದು ನನಗೆ ತಡೆಯಲಾಗಲಿಲ್ಲ.

ಒಂದು ಮಳೆಯ ಬೆಳಿಗ್ಗೆ ಹೆಂಚಿನ ಸಂದಿಯಿಂದ ಮಿಷನ್ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ನಾನು ಏಳುವ ಮೊದಲೇ ಅವರು ಹೊಲಿಗೆಗೆ ಬಂದ ಬಟ್ಟೆಗಳನ್ನೆಲ್ಲ ತಮ್ಮ ಹಾಸಿಗೆಯ ಮೇಲೆ ಸಾಗಿಸಿ, ಪಾತ್ರೆ ಇಟ್ಟು, ತಾವು ಒದ್ದೆ ನೆಲದಲ್ಲಿ ಕೂತಿದ್ದರು. ಪಕ್ಕದಲ್ಲಿ ನನ್ನ ಲೋಟ ಮುಚ್ಚಿಟ್ಟಿತ್ತು. ನನಗೆ ರೇಗಿಹೋಯಿತು.

‘ಇನ್ನೂ ಯಾಕೆ ಇಂಗಿದ್ದೀರಿ ಅತ್ತೆಮ್ಮ? ಅವಳ್ನ ತರಕ್ಕೆ ತಾನೆ ಇದೆಲ್ಲ ಮಾಡುದ್ದು? ನಾನು ಆಗಕ್ಕಿಲ್ಲ ಅಂದಾಯ್ತಲ್ಲ.’

‘ಅದುಕ್ಕೂ ಇದುಕ್ಕೂ ಏನಮ್ಮಿ?’

‘ಮತ್ಯಾಕೆ?’

ಅವರು ಮಂಡಿ ನೀವಿಕೊಂಡರು. ‘ಅಲ್ಲೊಬ್ರು ಸಿಸ್ಟರ್ ಇದ್ರು, ಮುದುಕಮ್ಮ. ಅರ್ಧ ತಮಿಳು ಅರ್ಧ ಕನ್ನಡ. ಪಾಪನಿವೇದನೆಗೆ ಮುಂಚೆ ಅವ್ರ ಜೊತೆ ಮಾತಾಡುಸ್ತಾರೆ. ಯಾರನ್ನ ಕಂಡ್ರೆ ನಿಂಗೆ ಒಟ್ಟೆ ಉರೀತದೆ ಅಂತ ಕೇಳುದ್ರು. ನಮ್ ಸೊಸೆ ಅಂದೆ. ಅಂಗಾರೆ ದಿನಾ ಎದ್ದು ಮೊದಲ್ನೇ ಕೆಲ್ಸ ಅವಳಿಗೇ ಮಾಡು ಅಂದ್ರು. ಪ್ರೀತಿ ಇಲ್ವಲ್ಲ ಸಿಸ್ಟರ್ ಅಂದೆ. ಪ್ರೀತಿ ಯಾರ್ ಕೇಳುದ್ರು ನಿನ್ನ, ಕೆಲ್ಸ ಮಾಡು ಅಂದ್ರು.’

‘ಅಂದ್ರೆ ನನ್ ಮೇಲೆ ಪ್ರೀತಿ ಇರ್ನಿಲ್ಲ.’

‘ಇರ್ನಿಲ್ಲ ಕಣಮ್ಮಿ. ಮೊದಮೊದ್ಲು ಆ ಲೋಟ ನಿನ್ ಮಕದ ಮೇಲೆ ಎರಚ್ಬುಡನ ಅನ್ಸೋದು.’

‘ಈಗ?’

‘ಈಗ ಎದ್ರೆ ಕೈ ತಾನಾಗೇ ಒಲೆ ತಾವ್ಕೋಯ್ತದೆ. ಅದೇ ಪ್ರೀತಿಯೋ ಏನೋ, ನಂಗೆ ತಿಳೀದು. ಲೂರ್ದು ಇಚಾರ ನಿನ್ ಕೈಲದೆ. ನಿನ್ ಇಚಾರ ನನ್ ಕೈಲದೆ. ಎರಡನ್ನೂ ಒಂದಕ್ಕೊಂದು ಕಲಸಕ್ಕಾಗಲ್ಲ.’

ಪ್ರೀತಿಯಿಂದ ಮಾಡಿದೆ ಅಂದಿದ್ದರೆ ನಾನು ಒಂದು ಮಾತೂ ನಂಬುತ್ತಿರಲಿಲ್ಲ. ಮುಖದ ಮೇಲೆ ಎರಚಬೇಕು ಅನ್ನಿಸುತ್ತಿತ್ತು ಅಂದರಲ್ಲ, ಅದಕ್ಕೆ ಎಲ್ಲಿ ಕೊಂಕು ತೆಗೆಯಬೇಕೋ ಗೊತ್ತಾಗಲಿಲ್ಲ. ಅವತ್ತು ಮೊದಲ ಸಲ ಲೋಟ ಪೂರ್ತಿ ಕುಡಿದೆ. ಆರಿ ತಣ್ಣಗಾಗಿತ್ತು.

ಅನುಮಾನ ಅಷ್ಟಕ್ಕೇ ಸಾಯುವ ಜಾತಿಯದಲ್ಲ. ಈರುಳ್ಳಿ ಕೀಳುವ ಕಾಲ ಬಂತು, ಮಾರ್ಕೆಟ್ಟಿನ ರಸ್ತೆಯ ತುಂಬ ಲಾರಿ. ಆಗ ಅತ್ತೆಮ್ಮ ಶುಕ್ರವಾರ ಶುಕ್ರವಾರ ಚರ್ಚಿನ ಬೆಳಗಿನ ಪೂಜೆ ಮುಗಿಸಿ ಮನೆಗೆ ಬರದೆ ಎಲ್ಲಿಗೋ ಹೋಗತೊಡಗಿದರು. ಕೇಳಿದರೆ ‘ಒಸಿ ಕೆಲ್ಸ ಅದೆ’ ಅನ್ನುತ್ತಿದ್ದರು. ಸಂಜೆ ಬರುವಾಗ ಸೀರೆಯ ತುಂಬ ಮಣ್ಣು, ನಡಿಗೆ ಇನ್ನೂ ಕುಂಟು, ರಾತ್ರಿ ಮಂಡಿಗೆ ಎಣ್ಣೆ ಹಚ್ಚುವ ಕೆಲಸ ನನಗೆ. ‘ಹಂಗಳದ ಬಸ್ ಅತ್ತುದ್ರು ಕಣಮ್ಮಿ, ನನ್ ಕಣ್ಣಾರ ಕಂಡೆ’ ಎಂದು ಕಮಲಕ್ಕ ಸುದ್ದಿ ತಂದರು. ಓಹೋ ಅಂದುಕೊಂಡೆ. ನನ್ನ ಕೈಲಿದೆ ಅಂದವರು ಬೆನ್ನ ಹಿಂದೆ ಅವಳನ್ನು ತಯಾರು ಮಾಡುತ್ತಿದ್ದಾರೆ. ಮುಂದಿನ ಶುಕ್ರವಾರ ಹೊಲಿಗೆ ಬಿಟ್ಟು, ಮಧ್ಯಾಹ್ನದ ಬಸ್ಸಿಗೆ ನಾನೂ ಹಂಗಳಕ್ಕೆ ಹೊರಟೆ. ದಾರಿಯುದ್ದಕ್ಕೂ ಬೈಯುವ ಮಾತುಗಳನ್ನು ಒಂದೊಂದಾಗಿ ಜೋಡಿಸಿಕೊಂಡೆ.

ಲೂರ್ದುವಿನ ಗಂಡನ ಮನೆಯವರ ಹೊಲ ರಸ್ತೆಗೆ ಅಂಟಿಕೊಂಡೇ ಇತ್ತು. ಆಚೆ ಹೊಲದಲ್ಲಿ ಚೆಂಡುಹೂವು, ಈಚೆ ಕಿತ್ತು ರಾಶಿ ಹಾಕಿದ ಈರುಳ್ಳಿ. ಆ ಮನೆಯವರು ಯಾರೂ ಅಲ್ಲಿರಲಿಲ್ಲ. ರಾಶಿಯ ಮುಂದೆ ಇಬ್ಬರೇ ಕೂತು ಈರುಳ್ಳಿಯ ಸೊಪ್ಪು ಕೊಯ್ದು ಬುಟ್ಟಿಗೆ ಹಾಕುತ್ತಿದ್ದರು. ಒಬ್ಬಳು ಲೂರ್ದು. ನನ್ನ ಮದುವೆಯಲ್ಲಿ ನೋಡಿದ್ದ ಹುಡುಗಿಯೇ ಹೌದೋ ಅಲ್ಲವೋ ಅನ್ನುವಷ್ಟು ಸೊರಗಿದ್ದಳು. ಇನ್ನೊಬ್ಬರು ನಮ್ಮತ್ತೆ. ಮಡಿಸಲಾಗದ ಕಾಲನ್ನು ಗೋಣಿಚೀಲದ ಮೇಲೆ ಉದ್ದಕ್ಕೆ ಚಾಚಿಕೊಂಡು ಕುಡುಗೋಲು ಆಡಿಸುತ್ತಿದ್ದರು.

ನನ್ನನ್ನು ಮೊದಲು ಕಂಡವಳು ಲೂರ್ದು. ಕುಡುಗೋಲು ಕೆಳಗಿಟ್ಟು ಎದ್ದು ನಿಂತಳು.

‘ಅಕ್ಕ, ಅತ್ತೆ ಮೇಲೆ ಜಗಳ ತೆಗೀಬ್ಯಾಡ. ಬರ್ಬ್ಯಾಡಿ ಅಂತ ನಾನೇ ಯೋಳ್ತಾ ಇವ್ನಿ. ರಾಶಿ ಮುಗೀದೆ ಇದ್ರೆ ಸಂಜೆ ಊಟ ಇಲ್ಲ ಅಂತ ಗೊತ್ತಾಗಿ, ಕೇಳ್ದೆ ಬತ್ತರೆ.’

ಅತ್ತೆಮ್ಮ ತಲೆ ಎತ್ತಿ ನನ್ನನ್ನು ನೋಡಿದರು. ‘ಬಿಸಿಲಲ್ಲಿ ಬಂದಿದ್ದೀಯ, ನೀರು ಕುಡಿ’ ಎಂದು ಚೊಂಬು ತೋರಿಸಿ ಮತ್ತೆ ಕೊಯ್ಯಲು ಶುರುಮಾಡಿದರು. ಸಿಕ್ಕಿಬಿದ್ದವರ ಮುಖ ಅದಲ್ಲ.

ನನಗೆ ಕರುಣೆ ಉಕ್ಕಿತು ಎಂದು ಬರೆದರೆ ಸುಳ್ಳಾಗುತ್ತದೆ. ಉಕ್ಕಿದ್ದು ಕೋಪ. ಬೆಳಿಗ್ಗೆ ನನಗೆ ಒಲೆ ಹಚ್ಚಿದ ಕೈ, ಯಾರದೋ ಹೊಲದಲ್ಲಿ ಬಿಟ್ಟಿ ಕೆಲಸ ಮಾಡುತ್ತಿದೆ. ಆ ಕಾಲಿಗೆ ಎಣ್ಣೆ ಹಚ್ಚುವವಳು ನಾನು. ಜೋಡಿಸಿಕೊಂಡು ಬಂದ ಬೈಗುಳಗಳಲ್ಲಿ ಒಂದೂ ನೆನಪಾಗಲಿಲ್ಲ.

‘ಏಳಿ ಇಬ್ರೂ’ ಅಂದೆ. ‘ಈ ಮಂಡಿ ಇಟ್ಕಂಡು ಇಲ್ಲಿ ಕೂರಕ್ಕೆ ನಿಮಗೆ ಬುದ್ಧಿ ಇಲ್ವಾ ಅತ್ತೆಮ್ಮ? ಲೂರ್ದು, ಓಗಿ ಬಟ್ಟೆ ತಕಬಾ. ಸಾಯಂಕಾಲದ ಬಸ್ಸಿಗೆ ಮನೆಗೆ ಹೋಗನ.’

ಲೂರ್ದು ಕದಲಲಿಲ್ಲ. ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದಳು.

‘ಯಾಕಕ್ಕ?’

‘ಏನ್ ಯಾಕೆ?’

‘ಇದ್ದಕ್ಕಿದ್ದಂಗೆ ಯಾಕ್ ಕರೀತೀಯ? ಅಲ್ಲೇನಾರ ಕೆಲ್ಸಕ್ಕೆ ಆಳು ಬೇಕಾಗ್ಯದಾ? ನಾಕ್ ದಿನ ಚೆನ್ನಾಗಿ ನೋಡ್ಕಂಡು, ಆಮೇಲೆ?’

ನಾನು ಸಹಾಯಕ್ಕೆ ಅತ್ತೆಮ್ಮನ ಕಡೆ ನೋಡಿದೆ. ಅವರು ಇನ್ನೊಂದು ಹಿಡಿ ಈರುಳ್ಳಿ ಎತ್ತಿಕೊಂಡರು. ಮನೆ ನಿನ್ನದು, ಮಾತೂ ನಿನ್ನದೇ ಅನ್ನುವ ಹಾಗಿತ್ತು. ಲೂರ್ದು ಮೇಲೆ ನನಗೆ ಪ್ರೀತಿ ಇರಲಿಲ್ಲ, ಅದು ಅವಳಿಗೂ ಕಾಣುತ್ತಿತ್ತು.

‘ನಂಬಬ್ಯಾಡ’ ಅಂದೆ. ‘ನಿನ್ ಜಾಗದಲ್ಲಿದ್ರೆ ನಾನೂ ನಂಬ್ತಿರ್ನಿಲ್ಲ. ಬಂದು ದಿನಾ ನೋಡ್ತಾ ಇರು. ಅತ್ತೆಮ್ಮನ್ನ ನಾನೂ ಅಂಗೇ ನೋಡ್ತಾ ಇವ್ನಿ, ಇನ್ನೂ ಮುಗುದಿಲ್ಲ.’

ಅವಳು ಬದುವಿನ ಮೇಲೆ ಮನೆ ಕಡೆ ನಡೆದಳು. ಬಟ್ಟೆ ತರಲಿಕ್ಕೋ, ನನ್ನಿಂದ ತಪ್ಪಿಸಿಕೊಳ್ಳಲಿಕ್ಕೋ ತಿಳಿಯಲಿಲ್ಲ. ನಾನು ಅವಳ ಕುಡುಗೋಲು ತೆಗೆದುಕೊಂಡು ಅವಳ ಜಾಗದಲ್ಲಿ ಕೂತೆ. ರಾಶಿ ಅರ್ಧಕ್ಕರ್ಧ ಇಳಿಯಿತು, ಹೊತ್ತೂ ಇಳಿಯಿತು, ಅವಳು ಬರಲಿಲ್ಲ. ‘ಬತ್ತಳೆ ಕಣಮ್ಮಿ’ ಎಂದು ಅತ್ತೆಮ್ಮ ಅಂದರು. ಬರುವುದಿಲ್ಲ ಎಂದೇ ನಾನು ಅಂದುಕೊಂಡಿದ್ದೆ.

ಬಂಡೀಪುರದ ಕಡೆಯಿಂದ ಬಸ್ಸಿನ ಹಾರ್ನ್ ಕೇಳಿಸಿತು. ಅತ್ತೆಮ್ಮನನ್ನು ಎಬ್ಬಿಸಿ, ತೋಳು ಹಿಡಿದು ರಸ್ತೆಗೆ ತಂದು, ಬಸ್ಸು ಹತ್ತಿಸಿದೆ. ನಾನು ಹತ್ತಲಿಲ್ಲ. ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ನೆಲದ ಮೇಲೆ ಇಟ್ಟು ಬಾಗಿಲ ಕಂಬಿ ಹಿಡಿದು ನಿಂತುಬಿಟ್ಟೆ.

‘ಹತ್ತಮ್ಮ, ಟೈಮಾಯ್ತು’ ಎಂದು ಕಂಡಕ್ಟರ್ ರೇಗಿದ.

‘ಒಸಿ ನಿಲ್ಸಪ್ಪ. ಇನ್ನೊಬ್ರು ಬರ್ಬೇಕು.’

‘ಯಾರು?’

‘ನಮ್ಮನೆಯವಳು’ ಅಂದೆ. ಅವನು ವಿಸಿಲ್ ಬಾಯಿಗಿಟ್ಟುಕೊಂಡ. ನಾನು ಕಂಬಿ ಬಿಡಲಿಲ್ಲ.